‘ಬೇಲ’ ಶಬ್ದವಿಚಾರ

ಮಹಾಶಿವರಾತ್ರಿ ಸಮೀಪಿಸುತ್ತಲೇ ಹೊಸಪೇಟೆಯ ಮಾರುಕಟ್ಟೆಗೆ ಎರಡು ವಸ್ತುಗಳು ಬಂದು ಸೇರುತ್ತವೆ. ಒಂದು ಲಿಂಗಪೂಜೆಗೆ ಬೇಕಾದ ಪತ್ರಿಯ ಕಟ್ಟು. ಇನ್ನೊಂದು ಬೂದುಬಣ್ಣದ ಗಟ್ಟಿ ಚಿಪ್ಪಿನ ಬೇಲದ ಹಣ್ಣು. ಹಂಪೆಯ ವಿರೂಪಾಕ್ಷನ ದರ್ಶನಕ್ಕೆಂದು ಉತ್ತರದೇಶದಿಂದ ಬಂದ ಯಾತ್ರಿಕನೊಬ್ಬನು ಈ ಮಾರುಕಟ್ಟೆಯಲ್ಲಿ ನಿಂತು ‘ಬೇಲ್’ ಬೇಕೆಂದು ಕೇಳಿದನೆನ್ನೋಣ. ಮಾರುವಾಕೆ ಬೇಲದ ಹಣ್ಣನ್ನು ಅವನ ಮುಂದಿಟ್ಟರೆ ಆಶ್ಚರ್ಯಪಡಬೇಕಾದುದಿಲ್ಲ. ಅವನು ಕೇಳಿದುದು ಪತ್ರಿ, ಆಕೆ ಕೊಟ್ಟುದು ಹಣ್ಣು. ಆದರೂ ಇಬ್ಬರಲ್ಲಿ ಯಾರೂ ತಪ್ಪಿದವರಲ್ಲ. ತಂತಮ್ಮ ಭಾಷೆಯ ಮಟ್ಟಿಗೆ ಇಬ್ಬರ ಮಾತೂ ಶುದ್ಧವಾದುದೇ.

ಎರಡೇ ಅಕ್ಷರಗಳ ಈ ಶಬ್ದವು ಭರತಖಂಡದ ಭಾಷೆಗಳಲ್ಲಿ ತಾಳಿರುವ ರೂಪಗಳೂ ಅರ್ಥಗಳೂ ಹಲವು. ಅವುಗಳನ್ನು ಬೇರೆ ಬೇರೆಯಾಗಿ ಅರಿಯದಿದ್ದರೆ ಭಕ್ತನು ಪೂಜಾದ್ರವ್ಯದಲ್ಲಿ ಎಡವುತ್ತಾನೆ. ಸಾಹಿತ್ಯದ ವಿದ್ಯಾರ್ಥಿಯು ಗ್ರಂಥಾರ್ಥದಲ್ಲಿ ಎಡವುತ್ತಾನೆ. ಎರಡನೆಯ ಎಡವಟ್ಟು ಅಚ್ಚಾಗಿ ಉಳಿಯುವುದರಿಂದ ಅದೇ ಹೆಚ್ಚು ದಿನ ಬಾಳುತ್ತದೆ.

ಈ ವಿಚಾರಕ್ಕೆ ಹೊಸಪೇಟೆಯ ಸೀಮೆ ತಕ್ಕ ನೆಲೆಯಾಗಿದೆ. ಇಂದು ನಗರದೊಳಗೆ ಒಂದಾಗಿ ಹೋಗಿರುವ ಚಿತ್ತವಾಡ್ಗಿಯನ್ನು ನಡುವಿಟ್ಟುಕೊಂಡು ಸುತ್ತ ನೋಡಿದರೆ ಹಲವು ಭಾಷೆಗಳ ನೆರಳು ಇಲ್ಲಿ ಬಿದ್ದಿರುವುದು ಕಾಣುತ್ತದೆ. ಕಂಪ್ಲಿಯ ಕಡೆಗೆ ತೆಲುಗು ಕಿವಿಗೆ ಬೀಳುತ್ತದೆ. ಸಂಡೂರು 1949ರವರೆಗೂ ಘೋರ್ಪಡೆ ಮನೆತನದ ಸಂಸ್ಥಾನವಾಗಿತ್ತು. ಅರಮನೆಯೊಡನೆ ಮರಾಠಿಯೂ ಅಲ್ಲಿಗೆ ಬಂದಿತು. ಹೊಸಪೇಟೆಯ ಪೇಟೆಬೀದಿಗಳಲ್ಲಿ ಉರ್ದು ಉಂಟು. 1953ರಲ್ಲಿ ಮೈಸೂರಿಗೆ ಸೇರುವವರೆಗೂ ಈ ಪ್ರದೇಶವೆಲ್ಲ ಮದರಾಸಿನ ಆಡಳಿತದಲ್ಲಿದ್ದುದರಿಂದ ಕಚೇರಿಗಳ ಮೂಲಕ ತಮಿಳಿನ ಪರಿಚಯವೂ ಆಗಿತ್ತು. 2021ರಲ್ಲಿ ವಿಜಯನಗರ ಜಿಲ್ಲೆಯಾದ ಮೇಲೆ ಹೊಸಪೇಟೆ ಒಂದು ಜಿಲ್ಲೆಗೂ ಸಂಡೂರು ಕಂಪ್ಲಿಗಳು ಬಳ್ಳಾರಿ ಜಿಲ್ಲೆಗೂ ಸೇರಿವೆಯಾದರೂ ಮಾತಿಗೆ ಅಂಥ ಗಡಿಯಿಲ್ಲ.

ಮೊದಲು ಕನ್ನಡದ ಬೇಲವನ್ನೇ ನೋಡಬೇಕು. ಕನ್ನಡದಲ್ಲಿ ಬೇಲವೆಂದರೆ ಸಂಸ್ಕೃತದ ಕಪಿತ್ಥ. ಇದಕ್ಕೆ ಬೆಳವಲವೆಂದೂ ಬಳೂಲವೆಂದೂ ಹೆಸರುಗಳುಂಟು. ಬಳ್ಳಾರಿ ರಾಯಚೂರು ಸೀಮೆಗಳ ಬಾಯಲ್ಲಿ ಬೇಳೆ ಬ್ಯಾಳಿಯಾಗುವಂತೆ, ಬೇಸಗೆ ಬ್ಯಾಸಗಿಯಾಗುವಂತೆ, ಬೇಲವೂ ಬ್ಯಾಲವಾಗುತ್ತದೆ. ತಮಿಳಿನ ವಿಳಾ, ವಿಳವು, ಮಲೆಯಾಳದ ವಿಳಾವು, ತೆಲುಗಿನ ವೆಲಗ ಇವೆಲ್ಲ ಇದೇ ಮರದ ಹೆಸರುಗಳು. ಒಂದೇ ಬಳ್ಳಿಯ ಕುಡಿಗಳು. ಪದಾದಿಯಲ್ಲಿ ತಮಿಳಿನ ವಕಾರವು ಕನ್ನಡದಲ್ಲಿ ಬಕಾರವಾಗುವುದು ವ್ಯಾಕರಣ ಬಲ್ಲವರಿಗೆ ಹೊಸದೇನಲ್ಲ. ಅಲ್ಲಿಯ ವೇರ್ ಇಲ್ಲಿ ಬೇರು, ವೇಂಬು ಬೇವು, ವೇಲಿ ಬೇಲಿ, ವಿಲ್ ಬಿಲ್ಲು, ವೆಲ್ಲಂ ಬೆಲ್ಲ. ಇದೇ ದಾರಿಯಲ್ಲಿ ವಿಳಾ ಬೇಲಕ್ಕೆ ನಂಟಾಗಿದೆ.

ಈಗ ಉತ್ತರದ ಬೇಲ್. ಸಂಸ್ಕೃತದ ಬಿಲ್ವವು ಪ್ರಾಕೃತದಲ್ಲಿ ಬಿಲ್ಲ, ಬೆಲ್ಲ ಎಂದಾಗಿ ಹಿಂದಿ, ಮರಾಠಿ, ಬಂಗಾಳಿಗಳಲ್ಲಿ ಬೇಲ್ ಎಂದು ನಿಂತಿತು. ಒಡಿಯಾದಲ್ಲಿ ಕನ್ನಡದ ಶಬ್ದದಂತೆಯೇ ಬೇಲ ಎನ್ನುತ್ತಾರೆ. ಆ ಭಾಷೆಗಳಲ್ಲಿ ಕಪಿತ್ಥಕ್ಕೆ ಬೇರೆಯೇ ಹೆಸರುಂಟು: ಹಿಂದಿಯಲ್ಲಿ ಕೈಥ್, ಮರಾಠಿಯಲ್ಲಿ ಕವಠ, ಗುಜರಾತಿಯಲ್ಲಿ ಕೋಠು. ಇವು ಕಪಿತ್ಥ ಶಬ್ದವೇ ಸವೆದು ಆದ ರೂಪಗಳು. ಕನ್ನಡದಲ್ಲಿ ಸ್ಥಿತಿ ತಿರುಗುಮುರುಗು. ಇಲ್ಲಿ ಬಿಲ್ವವು ತತ್ಸಮವಾಗಿ ಬಿಲ್ವವೆಂದೇ ಉಳಿಯಿತು. ಬೇಲವೆಂಬ ದೇಸಿಯ ಹೆಸರು ಕಪಿತ್ಥಕ್ಕೆ ಮೀಸಲಾಯಿತು. ಆದುದರಿಂದ ಸಂಡೂರಿನ ಮರಾಠಿ ಮನೆಯಲ್ಲಿ ಬೇಲ್ ಎಂದರೆ ದೇವರಿಗೆ ಏರಿಸುವ ಎಲೆ. ಪಕ್ಕದ ಕನ್ನಡದ ಮನೆಯಲ್ಲಿ ಬೇಲವೆಂದರೆ ಬೆಲ್ಲ ಕಲಸಿ ತಿನ್ನುವ ಹಣ್ಣು. ತೆಲುಗರಿಗೆ ಈ ತೊಡಕೇ ಇಲ್ಲ. ಅವರ ಬಿಲ್ವ ಮಾರೇಡು, ಅವರ ಬೇಲ ವೆಲಗ. ಎರಡಕ್ಕೂ ಎಲ್ಲಿಯ ಹೋಲಿಕೆ!

ಹೆಸರುಗಳು ಹೀಗೆ ಬೆರೆತರೂ ಮರಗಳು ಬೆರೆತಿಲ್ಲ. ಎರಡೂ ನಿಂಬೆಯ ಕುಟುಂಬಕ್ಕೆ ಸೇರಿದವು. ಎರಡಕ್ಕೂ ಮುಳ್ಳುಂಟು, ಎರಡರ ಕಾಯಿಗೂ ಗಟ್ಟಿ ಕರಟವುಂಟು. ಇಷ್ಟು ಸಾಮ್ಯವೇ ಹೊರಗಿನವರನ್ನು ಮರುಳುಗೊಳಿಸಲು ಸಾಕಾಯಿತು. ಇಂಗ್ಲಿಷಿನಲ್ಲಿ ‘ವುಡ್ ಆಪಲ್’ ಎಂಬ ಒಂದೇ ಹೆಸರನ್ನು ಕೆಲವರು ಬೇಲಕ್ಕೂ ಕೆಲವರು ಬಿಲ್ವಕ್ಕೂ ಹಚ್ಚಿದ್ದಾರೆ. ಎಲೆಯನ್ನು ನೋಡಿದರೆ ಮಾತ್ರ ಸಂಶಯಕ್ಕೆ ಎಡೆಯಿಲ್ಲ. ಬಿಲ್ವದ್ದು ಮೂರು ದಳ. ನಡುವಿನ ದಳಕ್ಕೆ ತೊಟ್ಟು ಉದ್ದ. ಬೇಲದ್ದು ಒಂದೇ ಕಡ್ಡಿಯ ಎರಡು ಮಗ್ಗುಲಲ್ಲಿ ಜೋಡಿಜೋಡಿಯಾಗಿ, ತುದಿಗೆ ಒಂದು ಒಂಟಿಯಾಗಿ, ಸಾಮಾನ್ಯವಾಗಿ ಐದೋ ಏಳೋ ಕಿರುದಳ. ಹೊಸಕಿದರೆ ಸೋಂಪಿನಂಥ ಪರಿಮಳ. ಬಿಲ್ವದ ಕಾಯಿ ನುಣುಪು, ಮಾಗಿದರೆ ಹಳದಿಗೆ ತಿರುಗುತ್ತದೆ, ಒಳಗೆ ಕಿತ್ತಳೆಬಣ್ಣದ ಸಿಹಿ ತಿರುಳು. ಬೇಲದ ಕಾಯಿ ಒರಟು, ಒಳಗೆ ಕಂದುಬಣ್ಣದ ಹುಳಿ ತಿರುಳು. ಶಿವರಾತ್ರಿಯ ಮಾಹಾತ್ಮ್ಯದಲ್ಲಿ ಬರುವ ಬೇಡನು ಮೃಗಕ್ಕಾಗಿ ಕಾದು ಮರವೇರಿ ಕುಳಿತು, ನಿದ್ದೆ ತಡೆಯಲು ಎಲೆ ಕಿತ್ತು ಕೆಳಗೆ ಹಾಕುತ್ತಾ ತಾನರಿಯದೆಯೇ ಶಿವನನ್ನು ಪೂಜಿಸಿದನಷ್ಟೆ. ಅವನು ಏರಿದುದು ಕನ್ನಡದ ಬೇಲವಾಗಿದ್ದರೆ ಕಥೆ ಏನಾಗುತ್ತಿತ್ತೋ!

ಪಾಶ್ಚಾತ್ಯ ಸಸ್ಯಶಾಸ್ತ್ರಜ್ಞರು ಈ ಎರಡು ಮರಗಳಿಗೆ ಇಟ್ಟ ಹೆಸರುಗಳೂ ಸ್ವಾರಸ್ಯವಾಗಿವೆ. ಲಿನೇಯಸ್ಸನು 1753ರಲ್ಲಿ ಬಿಲ್ವವನ್ನು ಬೇರೊಂದು ಜಾತಿಯೊಳಗೆ ಇರಿಸಿದ್ದನು. 1800ರಲ್ಲಿ ಪೋರ್ಚುಗಲ್ಲಿನ ಕೊರ್ರೆಯ ಎಂಬ ಪಂಡಿತನು ಅದನ್ನು ಬಿಡಿಸಿ ‘ಈಗ್ಲೆ ಮಾರ್ಮೆಲೊಸ್’ ಎಂದು ಕರೆದನು. ಈಗ್ಲೆ ಎಂಬವಳು ಗ್ರೀಕರ ಪುರಾಣದಲ್ಲಿ ಚಿನ್ನದ ಹಣ್ಣುಗಳ ತೋಟವನ್ನು ಕಾಯುವ ಕನ್ನಿಕೆಯರಲ್ಲಿ ಒಬ್ಬಳು. ಮಾರ್ಮೆಲೊ ಎಂಬುದು ಪೋರ್ಚುಗೀಸರ ನಾಡಿನ ಒಂದು ಹಣ್ಣು. ಅದೇ ಪಂಡಿತನು ಬೇಲಕ್ಕೆ ‘ಫೆರೋನಿಯ ಎಲಿಫ್ಯಾಂಟಮ್’ ಎಂದು ಹೆಸರಿಟ್ಟನು. ಆನೆಯ ಹೆಸರು ಇಲ್ಲಿ ಸೇರಿರುವುದನ್ನು ಓದುಗರು ನೆನಪಿನಲ್ಲಿಡಬೇಕು. ಈಚೆಗೆ ಬೇಲವನ್ನು ‘ಲಿಮೋನಿಯ ಅಸಿಡಿಸ್ಸಿಮ’ ಎನ್ನುತ್ತಾರೆ. ಬಹಳ ಹುಳಿಯುಳ್ಳದ್ದೆಂದು ಇದರ ಭಾವ.

ಅಮರಕೋಶದ ವನೌಷಧಿವರ್ಗದಲ್ಲಿ ಬಿಲ್ವಕ್ಕೆ ಶಾಂಡಿಲ್ಯ, ಶೈಲೂಷ, ಮಾಲೂರ, ಶ್ರೀಫಲ ಎಂಬ ಪರ್ಯಾಯಗಳಿವೆ. ಶೈಲೂಷನೆಂದರೆ ನಟನೂ ಹೌದು. ಅತ್ತ ಕಪಿತ್ಥವು ನಾಟ್ಯಶಾಸ್ತ್ರದಲ್ಲಿ ಒಂದು ಹಸ್ತದ ಹೆಸರಾಗಿದೆ. ಅಂತೂ ಎರಡು ಮರಗಳೂ ರಂಗವನ್ನು ಹತ್ತಿವೆ! ಶ್ರೀಫಲವೆಂಬ ಹೆಸರಿಗೆ ಆಧಾರವಿಲ್ಲದಿಲ್ಲ; ಶ್ರೀಸೂಕ್ತದಲ್ಲಿ ಬಿಲ್ವವು ಲಕ್ಷ್ಮಿಯ ವೃಕ್ಷವೆನಿಸಿದೆ. ಆದರೆ ಇಂದು ಮರಾಠಿ ಗುಜರಾತಿಗಳಲ್ಲಿ ಶ್ರೀಫಲವೆಂದರೆ ತೆಂಗಿನಕಾಯಿ. ಒಂದು ಮರದ ಹೆಸರನ್ನು ಇನ್ನೊಂದು ಮರ ಕಸಿದುಕೊಳ್ಳುವುದು ಬೇಲಕ್ಕೆ ಮಾತ್ರ ಬಂದ ವಿಪತ್ತಲ್ಲವೆಂಬುದಕ್ಕೆ ಇದೊಂದು ನಿದರ್ಶನ. ಕಪಿತ್ಥಕ್ಕೆ ‘ಕಪಿಗಳು ನಿಲ್ಲುವ ಮರ’ ಎಂದು ಅರ್ಥ ಹೇಳುವುದುಂಟು. ಆನೆಗೊಂದಿ ಹಂಪೆಗಳ ಸೀಮೆಯನ್ನು ಕಿಷ್ಕಿಂಧೆಯೆಂದು ನಂಬುವ ಜನರಿಗೆ ಈ ಅರ್ಥ ಬಹಳ ಹಿಡಿಸೀತು.

ಮರಗಳನ್ನು ಬಿಟ್ಟು ಧ್ವನಿಯೊಂದನ್ನೇ ಹಿಡಿದು ಹೊರಟರೆ ತೊಡಕು ಇನ್ನೂ ಬೆಳೆಯುತ್ತದೆ. ಹಿಂದಿಯಲ್ಲಿ ಬೇಲ್ ಎಂದರೆ ಬಳ್ಳಿಯೂ ಹೌದು. ಅದು ಬಿಲ್ವದಿಂದ ಬಂದುದಲ್ಲ. ವಲ್ಲಿ ಎಂಬುದರ ವಂಶದ್ದು, ಕನ್ನಡದ ಬಳ್ಳಿಗೆ ಹತ್ತಿರದ ನೆಂಟ. ಅಮರಬೇಲ್ ಎಂದು ಅವರು ಕರೆಯುವುದು ಬೇರಿಲ್ಲದೆ ಅನ್ಯ ಗಿಡದ ಮೇಲೆ ಹಬ್ಬುವ ಹಳದಿ ಎಳೆಯ ಬಂದಳಿಕೆಯನ್ನು. ಅದನ್ನು ಅಮರವಾದ ಬಿಲ್ವವೆಂದು ತಿಳಿದರೆ ನಗೆಪಾಟಲು. ಬೇಲಾ ಎಂದು ಎಳೆದರೆ ಅದು ಮಲ್ಲಿಗೆಯಾಗುತ್ತದೆ. ಬಂಗಾಳಿಯಲ್ಲಿ ಬೇಲ್‌ಫೂಲ್ ಎಂದರೂ ಮಲ್ಲಿಗೆಯೇ ಹೊರತು ಬಿಲ್ವದ ಹೂವಲ್ಲ. ತೆಲುಗಿನಲ್ಲಿ ಬೇಲ ಎಂದರೆ ಮುಗ್ಧೆ, ಏನೂ ಅರಿಯದವಳು. ತುಳುವಿನಲ್ಲಿ ಬೇಲೆಯೆಂದರೆ ಕೆಲಸ. ತಮಿಳಿನಲ್ಲಿ ಅದು ವೇಲೈ. ಬಳ್ಳಾರಿಯ ಹತ್ತಿಯ ವ್ಯಾಪಾರದಲ್ಲಿ ಬೇಲು ಎಂದರೆ ಯಂತ್ರದಲ್ಲಿ ಒತ್ತಿ ಕಟ್ಟಿದ ಸುಮಾರು 170 ಕಿಲೋಗ್ರಾಂ ತೂಕದ ಹತ್ತಿಯ ಪಿಂಡಿ; ಕೋರ್ಟಿನ ಮೆಟ್ಟಿಲ ಬಳಿ ಅದೇ ಧ್ವನಿ ಜಾಮೀನಾಗುತ್ತದೆ. ಈ ಕೊನೆಯವೆರಡು ಇಂಗ್ಲಿಷಿನಿಂದ ಬಂದ ಅತಿಥಿಗಳು. ಇವುಗಳನ್ನು ಎಣಿಸುತ್ತಾ ಹೋದರೆ ಮುಗಿಯುವುದಿಲ್ಲ.

ತಮಿಳಿನ ವಿಚಾರವಾಗಿ ಮಾತ್ರ ಸ್ವಲ್ಪ ನಿಂತು ನೋಡಬೇಕು. ಅಲ್ಲಿ ವೇಲ್ ಎಂದರೆ ಮುರುಗನ ಕೈಯ ಶಕ್ತ್ಯಾಯುಧ. ಸಂಡೂರಿನ ಬೆಟ್ಟದ ಕುಮಾರಸ್ವಾಮಿಯ ಸನ್ನಿಧಿಗೆ ತಮಿಳು ಭಕ್ತನೊಬ್ಬನು ಬಂದು ವೇಲ್ ಎಂದು ನೆನೆದರೆ ಅವನ ಮನಸ್ಸಿನಲ್ಲಿರುವುದು ಎಲೆಯೂ ಅಲ್ಲ, ಹಣ್ಣೂ ಅಲ್ಲ. ತಮಿಳಿನಲ್ಲಿ ವೇಲಮರ ಎಂಬುದೂ ಇದೆ. ಅದು ಕನ್ನಡದ ಜಾಲಿ. ಕರುವೇಲವೆಂದರೆ ಕರಿಜಾಲಿ, ವೆಳ್ವೇಲವೆಂದರೆ ಬಿಳಿಜಾಲಿ. ವಕಾರಕ್ಕೆ ಬಕಾರವನ್ನಿಟ್ಟು ಸೂತ್ರದಂತೆ ಕನ್ನಡಿಸಹೊರಟವನು ವೇಲವನ್ನು ಬೇಲವೆಂದು ಬರೆದಾನು. ಅಲ್ಲಿಗೆ ಮುಳ್ಳಿನ ಜಾಲಿ ಹುಳಿಹಣ್ಣಿನ ಮರವಾಗುತ್ತದೆ. ಪರದೇಶದಿಂದ ಬಂದು ಬಯಲೆಲ್ಲ ಹಬ್ಬಿದ ಗಿಡವೊಂದನ್ನು ತಮಿಳರು ಸೀಮೈ ಕರುವೇಲಂ ಎಂದರೆ, ಕನ್ನಡಿಗರು ಅದಕ್ಕೆ ಬಳ್ಳಾರಿ ಜಾಲಿಯೆಂದು ಈ ಜಿಲ್ಲೆಯ ಹೆಸರನ್ನೇ ಕಟ್ಟಿದ್ದಾರೆ. ಊರಿಗೆ ಇದೇನು ಕೀರ್ತಿಯ ಮಾತಲ್ಲ. ಇರಲಿ.

ಉತ್ತರ ಕರ್ನಾಟಕದ ವೀರಶೈವರ ಮನೆಗಳಲ್ಲಿ ಈ ಎಲ್ಲ ಗೊಂದಲವನ್ನು ದಾಟಿದ ಒಂದು ಮಾತುಂಟು: ಪತ್ರಿ. ಪತ್ರವೆಂದರೆ ಯಾವ ಎಲೆಯಾದರೂ ಆದೀತು. ಮರಾಠಿಯಲ್ಲಿ ಪತ್ರೀ ಎಂದರೆ ಗಣೇಶನ ಪೂಜೆಗೆ ಕೂಡಿಸಿದ ನಾನಾ ಬಗೆಯ ಎಲೆಗಳು. ಸಂಸ್ಕೃತದಲ್ಲಿ ಪತ್ರೀ ಎಂಬುದಕ್ಕೆ ಹಕ್ಕಿ, ಬಾಣ ಎಂಬ ಅರ್ಥಗಳೂ ಇವೆ. ಈ ಸೀಮೆಯಲ್ಲಾದರೋ ಪತ್ರಿ ಎಂದಮೇಲೆ ಬಿಲ್ವವೇ, ವಿಶೇಷಣ ಬೇಕಿಲ್ಲ. ಗುರು ಲಿಂಗ ಜಂಗಮ ಮೊದಲಾದ ಅಷ್ಟಾವರಣಗಳಲ್ಲಿ ವಿಭೂತಿಗೂ ರುದ್ರಾಕ್ಷಿಗೂ ಎಡೆಯಿದೆ, ಪತ್ರಿಗೆ ಇಲ್ಲ. ಆದರೂ ನಿತ್ಯದ ಲಿಂಗಾರ್ಚನೆಯಲ್ಲಿ ಅದು ಬಿಡದೆ ನಡೆದುಬಂದಿದೆ. ಹಂಪೆಯ ಹರಿಹರನು ವಿರೂಪಾಕ್ಷನಿಗಾಗಿ ಹೂವೆತ್ತುವ ಕಾಯಕವನ್ನೇ ವಸ್ತುವಾಗಿಸಿ ಪುಷ್ಪರಗಳೆಯನ್ನು ರಚಿಸಿದನು; ಗಿಡಗಳ ಹೆಸರನ್ನು ತಪ್ಪದೆ ಬಲ್ಲವನಲ್ಲದೆ ಅಂಥ ಕೃತಿಗೆ ಕೈಹಾಕಲಾರ.

ಸಾಹಿತ್ಯದ ವಿದ್ಯಾರ್ಥಿ ಎಚ್ಚರವಹಿಸಬೇಕಾದ ಸ್ಥಳ ಬೆಳವಲ ಎಂಬುದು. ಹಳೆಯ ಗ್ರಂಥಗಳಲ್ಲಿ ಶಾಸನಗಳಲ್ಲಿ ಈ ಶಬ್ದ ಎರಡು ದಿಕ್ಕಿಗೆ ಎಳೆಯುತ್ತದೆ. ಒಂದು, ಅಣ್ಣಿಗೇರಿ ಗದಗುಗಳ ಸುತ್ತಣ ಬೆಳ್ವೊಲ ಮುನ್ನೂರು ಎಂಬ ನಾಡು. ಇಂದಿಗೂ ಎರೆಯ ಭೂಮಿಗೆ ಬೆಳವಲವೆಂದೇ ಹೆಸರು. ಅಲ್ಲಿರುವುದು ಬೆಳೆಯ ಹೊಲ, ಮರವಲ್ಲ. ಇನ್ನೊಂದು ಬೇಲದ ಮರ. ಹಿಂದಿಯನ್ನೂ ಬಲ್ಲ ಓದುಗನು ಇದಕ್ಕೆ ಮೂರನೆಯದಾಗಿ ಬಿಲ್ವವನ್ನೂ ತಂದು ಸೇರಿಸುವ ಅಪಾಯವಿದೆ. ಗಜಭುಕ್ತಕಪಿತ್ಥನ್ಯಾಯವೆಂಬುದು ಪ್ರಸಿದ್ಧವಾಗಿದೆಯಷ್ಟೆ. ಆನೆ ನುಂಗಿದ ಬೇಲದ ಹಣ್ಣು ಹೊರಗೆ ಬಿದ್ದಾಗ ಚಿಪ್ಪು ಒಡೆಯದೆ ಇಡಿಯಾಗಿ ಕಾಣುತ್ತದೆ. ಒಳಗೆ ತಿರುಳಿಲ್ಲ ಎಂಬುದು ಅದರ ತಾತ್ಪರ್ಯ. ಹೊರಗೆ ಲಾಂಛನವಿದ್ದು ಒಳಗೆ ಬರಿದಾದವನಿಗೆ ಇದಕ್ಕಿಂತ ಚೆನ್ನಾದ ಹೋಲಿಕೆ ಸಿಕ್ಕದು. ಈ ಹೋಲಿಕೆಯ ಬೇಲವನ್ನು ಅನುವಾದಕನೊಬ್ಬನು ಹಿಂದಿಯಲ್ಲಿ ಬೇಲ್ ಎಂದೇ ಬರೆದರೆ ಆನೆಯ ಹೊಟ್ಟೆಗೆ ಶಿವನ ಬಿಲ್ವಫಲ ಹೋಗುತ್ತದೆ. ಉಪಮೆಯ ಮೊನಚೂ ಹೋಗುತ್ತದೆ. ವಚನಗಳನ್ನು ಅನ್ಯಭಾಷೆಗಳಿಗೆ ಒಯ್ಯುವ ಕೆಲಸ ಹೆಚ್ಚುತ್ತಿರುವ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ಇದೇ ತಪ್ಪು ಉತ್ತರದಿಂದ ದಕ್ಷಿಣಕ್ಕೆ ಬರುವಾಗಲೂ ಆಗಬಹುದು. ಬಿಸಿಲಿಗೆ ಬೆಂದ ಬೋಳುತಲೆಯವನು ನೆರಳನ್ನರಸಿ ಮರದ ಕೆಳಗೆ ನಿಂತಾಗ ಹಣ್ಣು ಬಿದ್ದು ತಲೆಯೊಡೆದ ಪ್ರಸಂಗ ನೀತಿಶತಕದ ಒಂದು ಪದ್ಯದಲ್ಲಿದೆ. ಅದರಲ್ಲಿ ಆ ಮರವು ತಾಳೆಯೆಂದು ಒಂದು ಪಾಠ, ಬಿಲ್ವವೆಂದು ಇನ್ನೊಂದು. ಬೋಳುತಲೆಯವನು ಎಷ್ಟು ಸಲ ಬೇಲ್ ಮರದಡಿಗೆ ಹೋದಾನೆಂದು ಬಂಗಾಳಿಯಲ್ಲಿ ಗಾದೆಯೇ ಇದೆ. ಇದನ್ನು ಕನ್ನಡಕ್ಕೆ ತರುವವನು ಬೇಲದ ಮರವೆಂದು ಬರೆದರೆ ತಲೆಗೆ ಪೆಟ್ಟು ಬೀಳುವುದರಲ್ಲಿ ಕೊರತೆಯಾಗದು, ಮರ ಮಾತ್ರ ಬೇರೆಯಾಗುತ್ತದೆ.

ಇಷ್ಟಾಗಿ, ಬಿಲ್ವ ಶಬ್ದವೇ ದ್ರಾವಿಡಮೂಲದ್ದಿರಬೇಕೆಂದು ಸೂಚಿಸಿದ ಭಾಷಾಶಾಸ್ತ್ರಜ್ಞರಿದ್ದಾರೆ. ಅವರು ಬೆರಳು ಮಾಡುವುದು ವಿಳಾ, ಬೆಳವಲ ಎಂಬ ಈ ಗುಂಪಿನ ಕಡೆಗೇ. ಸಂಸ್ಕೃತ ನಿಘಂಟುಗಳಲ್ಲಿ ಬಿಲ್ವಕ್ಕೆ ವಿಲ್ವವೆಂಬ ಪಾಠಾಂತರವೂ ಇರುವುದು ಗಮನಾರ್ಹ. ಈ ಊಹೆ ನಿಂತರೆ ಚಿತ್ರ ಹೀಗಾಗುತ್ತದೆ: ಗಟ್ಟಿ ಚಿಪ್ಪಿನ ಹಣ್ಣಿನ ಮರಕ್ಕೆ ದಕ್ಷಿಣದವರು ಇಟ್ಟ ಹೆಸರನ್ನು ಸಂಸ್ಕೃತವು ಎರವು ಪಡೆದು ಮೂರು ದಳದ ಮರಕ್ಕೆ ಕೊಟ್ಟಿತು, ಆ ಹೆಸರು ಪ್ರಾಕೃತದಲ್ಲಿ ಸವೆದು ಬೇಲ್ ಆಗಿ, ಯಾತ್ರಿಕನ ಬಾಯಲ್ಲಿ ಮತ್ತೆ ತುಂಗಭದ್ರೆಯ ದಡಕ್ಕೆ ಬಂದಿತು. ಇಲ್ಲಿ ಅದರ ಹಳೆಯ ಮರ ಹಳೆಯ ಹೆಸರಿನಲ್ಲೇ ನಿಂತಿತ್ತು. ದಾಯಾದಿಗಳು ಬಹುಕಾಲದ ಮೇಲೆ ಒಂದೇ ಜಗಲಿಯಲ್ಲಿ ಕೂತು ಒಬ್ಬರನ್ನೊಬ್ಬರು ಗುರುತಿಸದ ಹಾಗಾಯಿತು ಈ ಪರಿ. ಊಹೆಯನ್ನು ಒಪ್ಪದವರೂ ಒಂದನ್ನು ಒಪ್ಪಲೇಬೇಕು: ಬೇಲವು ಬಿಲ್ವದ ತದ್ಭವವೆಂದು ಕಣ್ಣುಮುಚ್ಚಿ ಬರೆಯುವಂತಿಲ್ಲ. ತದ್ಭವವಾಗಿದ್ದರೆ ಅದು ಬಿಲ್ವವನ್ನೇ ಹೇಳಬೇಕಾಗಿತ್ತು.

ಗ್ರಂಥದಲ್ಲಿ ಶಬ್ದ ಸಂದಿಗ್ಧವಾದಾಗ ನಿರ್ಣಯಕ್ಕೆ ಸಂದರ್ಭವೇ ಗತಿ. ದಳ, ಅರ್ಚನೆ, ಲಿಂಗಗಳ ಮಾತಿದ್ದರೆ ಬಿಲ್ವ. ಆನೆ, ಹುಳಿ, ಚಿಪ್ಪುಗಳ ಮಾತಿದ್ದರೆ ಬೇಲ. ಊರು ಸೀಮೆಗಳ ಮಾತಿದ್ದರೆ ಬೆಳ್ವೊಲ. ಮಾರುಕಟ್ಟೆಯಲ್ಲಾದರೆ ಇಷ್ಟು ಶ್ರಮವೂ ಬೇಡ. ಶಿವರಾತ್ರಿಯ ಸುಮಾರಿಗೆ ಬೇಲ ಮಾಗಿರುತ್ತದೆ, ಪತ್ರಿಯೂ ದೊರೆಯುತ್ತದೆ. ಕೊಳ್ಳುವವಳು ಪತ್ರಿಯ ಕಟ್ಟನ್ನು ಪೂಜೆಯ ಬುಟ್ಟಿಗೆ ಹಾಕಿಕೊಂಡು, ಬೇಲದ ಹಣ್ಣನ್ನು ಕಿವಿಯ ಬಳಿ ಅಲ್ಲಾಡಿಸಿ ತಿರುಳು ಮಾಗಿದೆಯೇ ಎಂದು ನೋಡಿ, ಪಾನಕಕ್ಕೆಂದು ಬೇರೆ ಚೀಲಕ್ಕೆ ಹಾಕಿಕೊಳ್ಳುತ್ತಾಳೆ.