ಚರ್ಚ್ ಹಾಲಿನ ತಾಯಂದಿರು

ಸರ್ಕಾರಿ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡುತ್ತ, ಸುತ್ತೋಲೆಗಳಿಗೆ ಉತ್ತರ ಬರೆಯುತ್ತಲೇ ನೌಕರಿ ಮುಗಿಸಿದವಳು ನಾನು. ಸುತ್ತೋಲೆಯಿಂದ ಯಾರಿಗಾದರೂ ಒಳ್ಳೆಯದಾದದ್ದನ್ನು ಕಂಡದ್ದು ಕಡಿಮೆ. ಬ್ರಿಟನ್ನಿನ ಶಿಕ್ಷಣ ಸಚಿವಾಲಯ 1960ರಲ್ಲಿ ಹೊರಡಿಸಿದ 8/60 ಸಂಖ್ಯೆಯ ಸುತ್ತೋಲೆ ಅದಕ್ಕೆ ಅಪವಾದ. ಅದೂ ಬರೆದವರು ಬಯಸದೆ ಆದ ಒಳಿತು. ಐದು ತುಂಬದ ಮಕ್ಕಳಿಗೆ ಇನ್ನು ಹೊಸ ನರ್ಸರಿ ಬೇಡ ಎಂದಿತು ಅದು. ಶಿಕ್ಷಕರಿಲ್ಲ, ದುಡ್ಡಿಲ್ಲ, ಇರುವುದೆಲ್ಲ ದೊಡ್ಡ ಮಕ್ಕಳಿಗೇ ಸಾಲದು ಎಂಬ ಲೆಕ್ಕ. ಯುದ್ಧಕಾಲದಲ್ಲಿ ಕಾರ್ಖಾನೆಗೆ ಹೆಂಗಸರು ಬೇಕಾದಾಗ ಇದೇ ದೇಶ ಊರೂರಲ್ಲಿ ಶಿಶುಗೃಹ ತೆರೆದಿತ್ತು. ಯುದ್ಧ ಮುಗಿದದ್ದೇ ತಡ, ಬಹುಪಾಲಿಗೆ ಬೀಗ ಬಿತ್ತು.

ಲಂಡನ್ನಿನ ಬೆಲ್ ಟುಟೇವ್ ಮಗಳಿಗೆ ನರ್ಸರಿ ಸಿಗದೆ, ತಾವೇ ಒಂದು ಆಟದ ಕೂಟ ಶುರುಮಾಡಿದರು. 1961ರ ಆಗಸ್ಟಿನಲ್ಲಿ ‘ಗಾರ್ಡಿಯನ್’ ಪತ್ರಿಕೆಗೆ ಒಂದು ಕಾಗದ ಬರೆದರು. ಮೇರಿ ಸ್ಟಾಟ್ ನೋಡಿಕೊಳ್ಳುತ್ತಿದ್ದ ಮಹಿಳೆಯರ ಪುಟದಲ್ಲಿ ಅದು ಅಚ್ಚಾಯಿತು. ಎಲ್ಲೆಲ್ಲಿಂದಲೋ ತಾಯಂದಿರ ಉತ್ತರ ಬಂತು. ಮರುವರ್ಷ ‘ಪ್ರೀ-ಸ್ಕೂಲ್ ಪ್ಲೇಗ್ರೂಪ್ಸ್ ಅಸೋಸಿಯೇಷನ್’ ಹುಟ್ಟಿತು. ಮನೆಯಲ್ಲಿ ಒಂಟಿಯಾಗಿ ಕೂತ ಗೃಹಿಣಿಯರ ಸಂಘವೊಂದು 1960ರಲ್ಲಿ ಮೊಳೆತದ್ದೂ ಇದೇ ಪುಟದ ಕಾಗದದಿಂದ. ಮಹಿಳಾ ಪುಟವೆಂದರೆ ಬರೀ ಅಡುಗೆ, ಹೆಣಿಗೆ ಎಂದು ಮೂಗು ಮುರಿಯುವ ನಮ್ಮ ಸಂಪಾದಕರು ಗಮನಿಸಲಿ.

ಮಗಳ ಎರಡನೇ ಬಾಣಂತನಕ್ಕೆ ರೆಡಿಂಗ್‌ಗೆ ಹೋದಾಗ, ಹಿರಿಯ ಮೊಮ್ಮಗನನ್ನು ಅಂಥದೇ ಒಂದು ಕೂಟಕ್ಕೆ ಕರೆದೊಯ್ಯುವುದು ನನ್ನ ಪಾಲಿಗೆ ಬಂತು. ಚರ್ಚಿನ ಹಾಲು. ವೇದಿಕೆಯ ಅಡಿಯಿಂದ ಪೆಟ್ಟಿಗೆಗಳನ್ನು ಎಳೆದು ಹರಡುತ್ತಾರೆ: ಮರದ ರೈಲು, ನೀರಿನ ತೊಟ್ಟಿ, ಉಪ್ಪು ಬೆರೆಸಿದ ಹಿಟ್ಟಿನ ಉಂಡೆ. ಬಣ್ಣ ಬಳಿಯುವ ಮಗುವಿಗೆ ಅಪ್ಪನ ಹಳೇ ಅಂಗಿಯನ್ನು ಹಿಂದುಮುಂದಾಗಿ ತೊಡಿಸುತ್ತಾರೆ. ಸಂಜೆ ಅಲ್ಲಿ ಬೇರೆ ಯಾರದೋ ಸಭೆ, ಆದ್ದರಿಂದ ಹನ್ನೆರಡಕ್ಕೆಲ್ಲ ಸಕಲವೂ ವೇದಿಕೆಯಡಿಗೆ ವಾಪಸ್. ಯಾರು ಗುಡಿಸಬೇಕು, ಯಾರು ಚಹಾ ಕಾಯಿಸಬೇಕು ಎಂಬ ಸರದಿ ಪಟ್ಟಿ ಗೋಡೆಯ ಮೇಲೆ. ನನ್ನ ಹೆಸರೂ ಸೇರಿತು, ಕಾಗುಣಿತ ತಪ್ಪಾಗಿ! ಚಹಾ ಕುಡಿಯುವ ಮೂಲೆಯಲ್ಲೇ ನಿಜವಾದ ಕೆಲಸ ನಡೆಯುತ್ತಿತ್ತು. ರಾತ್ರಿಯಿಡೀ ಅಳುವ ಕೂಸು, ಹಾಲು ಸಾಲದೆಂಬ ಚಿಂತೆ, ಕೆಲಸಕ್ಕೆ ಮರಳುವ ಭಯ, ಎಲ್ಲ ಹೊರಬೀಳುವುದು ಅಲ್ಲೇ. ಅತ್ತೆಯರ ವಿಷಯ ಬಂದಾಗ ಮಾತ್ರ ನನ್ನತ್ತ ನೋಡಿ ದನಿ ತಗ್ಗಿಸುತ್ತಿದ್ದರು.

ಇದು ತಾತ್ಕಾಲಿಕ ಏರ್ಪಾಡು, ಸರ್ಕಾರ ನರ್ಸರಿ ಕೊಡುವವರೆಗೆ ಎಂದುಕೊಂಡೇ ಮೊದಲಿನವರು ಹೊರಟದ್ದು. 1972ರಲ್ಲಿ ಶಿಕ್ಷಣ ಸಚಿವೆ ಮಾರ್ಗರೆಟ್ ಥ್ಯಾಚರ್ ಶ್ವೇತಪತ್ರದಲ್ಲಿ ನರ್ಸರಿ ವಿಸ್ತರಣೆಯ ಮಾತು ಕೊಟ್ಟರು. ಆಮೇಲಿನ ಆರ್ಥಿಕ ಮುಗ್ಗಟ್ಟು ಅದನ್ನು ನುಂಗಿತು. ಅಷ್ಟರಲ್ಲಿ ಕೂಟ ನಡೆಸಿ ಪಳಗಿದ ಹೆಂಗಸರಿಗೆ ಲೆಕ್ಕ ಇಡುವುದು, ಸಭೆ ನಡೆಸುವುದು, ಅಧಿಕಾರಿಗಳ ಎದುರು ವಾದಿಸುವುದು ಎಲ್ಲ ಕರಗತವಾಗಿತ್ತು.

ನಮ್ಮಲ್ಲಿ ದಾರಿ ಬೇರೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸರ್ಕಾರವೇ ಅಂಗನವಾಡಿ ಯೋಜನೆ ತಂದಿತು. ಕರ್ನಾಟಕದಲ್ಲಿ ಅದು ಮೊದಲು ಬಂದದ್ದು ತಿ. ನರಸೀಪುರಕ್ಕೆ. ಅನ್ನ, ಚುಚ್ಚುಮದ್ದು ಇಂಗ್ಲೆಂಡಿನ ಕೂಟ ಕೊಡಲಾರದ ದೊಡ್ಡ ಕೊಡುಗೆ. ಆದರೆ ನಮ್ಮ ತಾಯಿ ಮಗುವನ್ನು ಬಾಗಿಲಲ್ಲಿ ಬಿಟ್ಟು ಹೊರಡುತ್ತಾಳೆ. ಅವಳಿಗೂ ಒಳಗೆ ಒಂದು ಚಾಪೆ ಹಾಸಬೇಕಿತ್ತು.

ಮಗಳ ಮನೆಗೆಂದು ಆ ದೇಶಕ್ಕೆ ಹೊರಟವರು ಹತ್ತಿರದ ಲೈಬ್ರರಿಯ ನೋಟಿಸ್ ಬೋರ್ಡ್ ಓದಿ. ಚರ್ಚೆಂದು ಹಿಂಜರಿಯಬೇಡಿ, ಎಷ್ಟೋ ಕಡೆ ಹಾಲು ಬರೀ ಬಾಡಿಗೆಯದು. ಮಗಳನ್ನೂ ಜೊತೆಗೆ ಹೊರಡಿಸಿ.