ಮಲೆನಾಡಿಗರೆಂದರೆ ಯಾರು?

ವಿದ್ಯಾರ್ಥಿಗಳ ಉತ್ತರಗಳಲ್ಲಿ ‘ಮಲೆನಾಡಿನ ಜನ’ ಎಂಬ ಮಾತನ್ನು ಕಂಡಾಗಲೆಲ್ಲ, ಯಾವ ಜನ ಎಂದು ನಾನು ಕೇಳುವುದುಂಟು. ಸಾಗರದ ಅಡಕೆ ತೋಟಗಳ ಹವ್ಯಕರ ಕನ್ನಡವೇ ಬೇರೆ. ಅದೇ ಸೀಮೆಯ ದೀವರು ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನಿಂದ ಬರೆಯುವ ಹಸೆಚಿತ್ತಾರದ ಭಾಷೆಯೇ ಬೇರೆ. ಆಗುಂಬೆಯಲ್ಲಿ ಕೊಂಕಣಿಯೂ ಕಿವಿಗೆ ಬೀಳುತ್ತದೆ. ಘಟ್ಟವಿಳಿದು ಕಾರ್ಕಳದತ್ತ ಹೋದರೆ ತುಳು.

‘ಘಟ್ಟದ ಮೇಲಿನವರು, ಕೆಳಗಿನವರು’ ಎಂಬ ಭೇದವಾದರೂ ಬೆಟ್ಟವೊಂದೇ ಮಾಡಿದ್ದಲ್ಲ. 1763ರಲ್ಲಿ ಹೈದರನು ಬಿದನೂರನ್ನು ಗೆಲ್ಲುವವರೆಗೆ ಕೆಳದಿಯ ಅರಸರು ಎರಡೂ ಕಡೆ ಆಳಿದ್ದರು. 1799ರ ಬಳಿಕ ಮೇಲಿನದು ಮೈಸೂರಿಗೆ, ಕೆಳಗಿನದು ಕಂಪೆನಿಗೆ ಸೇರಿತು. ಮತ್ತೆ ಒಂದೇ ರಾಜ್ಯವಾದದ್ದು 1956ರಲ್ಲಿ.

ಇನ್ನು ಒಡೆಯರ ಗದ್ದೆ ತೋಟಗಳಲ್ಲಿ ಜೀತ ದುಡಿದ ಹಸಲರು? ಚರಿತ್ರೆ ಬರೆಯುವವರು ನಾಡಿನ ಹೆಸರಿನೊಡನೆ ಜನರ ಹೆಸರನ್ನೂ ಬರೆಯಬೇಕು. ಇಲ್ಲವಾದರೆ ತೋಟದ ಒಡೆಯನೊಬ್ಬನೇ ಮಲೆನಾಡಿಗನಾಗಿ ಉಳಿದಾನು.