ಇಕ್ಕೇರಿಯ ದಾಯ, ಸಾಗರದ ಕೆರೆ

ಕೆಳದಿ ಅರಸರ ರಾಜಧಾನಿ ಒಂದೇ ಊರಿನಲ್ಲಿ ನೆಲೆನಿಲ್ಲಲಿಲ್ಲ. 1499ರ ಸುಮಾರಿಗೆ ಕೆಳದಿಯಲ್ಲಿ ತಲೆಯೆತ್ತಿದ ಈ ಮನೆತನ ಮುಂದೆ ಇಕ್ಕೇರಿಗೂ, 1640ರ ಸುಮಾರಿಗೆ ಬಿದನೂರಿಗೂ ಸಾಗಿತು. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದು ಹೈದರನಗರವೆಂದು ಕರೆದ ಮೇಲೆ ಅದು ಜನರ ಬಾಯಲ್ಲಿ ಬರಿಯ ನಗರವಾಯಿತು, ಮೈಸೂರು ಸಂಸ್ಥಾನದ ಕಾಲಕ್ಕೆ ತಾಲ್ಲೂಕು ಕಚೇರಿಯೂ ಕಲ್ಲೂರುಕಟ್ಟೆಗೆ, ಅಂದರೆ ಇಂದಿನ ಹೊಸನಗರಕ್ಕೆ ಹೋಯಿತು. ಇಕ್ಕೇರಿಯ ಅಘೋರೇಶ್ವರ ದೇವಾಲಯ, ನಗರದ ಶಿವಪ್ಪನಾಯಕನ ಕೋಟೆ, ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗ ಇಷ್ಟಾದರೂ ಉಳಿದುಬಂದಿದ್ದರೆ ಅದಕ್ಕೆ ಕಾನೂನಿನ ಕಾವಲಿಗಿಂತ ಈ ವಲಸೆಯೇ ಹೆಚ್ಚು ಕಾರಣ. ಅಂಗಡಿಸಾಲಿಗೆ, ಅಗಲವಾದ ರಸ್ತೆಗೆ ಜಾಗ ಕೇಳುವ ಪೇಟೆ ಅಲ್ಲಿ ಬೆಳೆಯಲೇ ಇಲ್ಲ.

ಪೇಟೆ ಬೆಳೆದದ್ದು ಸಾಗರದಲ್ಲಿ. ಕೆಳದಿ ಮತ್ತು ಇಕ್ಕೇರಿಗಳ ನಡುವೆ ಸದಾಶಿವನಾಯಕನ ಹೆಸರಿನಲ್ಲಿ ಕಟ್ಟಿಸಿದ ಸದಾಶಿವಸಾಗರ, ಅಂದರೆ ಇಂದಿನ ಗಣಪತಿ ಕೆರೆ, ಈ ಊರಿನ ಹುಟ್ಟಿಗೂ ಹೆಸರಿಗೂ ಮೂಲ. ಬೆಂಗಳೂರು–ಹೊನ್ನಾವರ ರಸ್ತೆಯೂ ತಾಳಗುಪ್ಪದ ರೈಲುಮಾರ್ಗವೂ ಬಂದ ಮೇಲೆ ಪೇಟೆ ಹಿಗ್ಗಿತು, ಮನೆಗಳು ಕೆರೆಯ ಸುತ್ತ ಒತ್ತಿಬಂದವು. ಸ್ಮಾರಕವನ್ನು ಕಾಯುವ ಕಾನೂನಿಗೆ ಇಂಥ ಕೆರೆ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. 1958ರ ಕೇಂದ್ರ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ಮೊದಲನೆಯದರಲ್ಲಿ ಹೊಸ ಕಟ್ಟಡ ಏಳುವಂತಿಲ್ಲ, ಎರಡನೆಯದರಲ್ಲಿ ಅನುಮತಿ ಬೇಕು. ಅಘೋರೇಶ್ವರನಿಗೆ ಈ ವಲಯಗಳ ರಕ್ಷಣೆಯುಂಟು.

ಆದರೆ ಆ ದೇವಾಲಯವನ್ನು ಕಟ್ಟಿದವರು ಗುಡಿಯನ್ನೂ ನೆಲವನ್ನೂ ಹೀಗೆ ಬೇರ್ಪಡಿಸಿ ನೋಡಿರಲಿಲ್ಲ. ಅದರ ನಡುಗಂಬಗಳ ನಡುವಿನ 18 ಅಡಿ 6 ಅಂಗುಲದ ಅಂತರವೇ ಸೀಮೆಯ ತೋಟದ ಭೂಮಿಗೆ ಪ್ರಮಾಣವಾಗಿತ್ತೆಂದು ಮೈಸೂರು ಗೆಜೆಟಿಯರ್ ದಾಖಲಿಸಿದೆ. ಆ ಉದ್ದದ ಗಳುವಿನಿಂದ ಅಳೆದ ಜಾಗಕ್ಕೆ ದಾಯವೆಂದು ಹೆಸರು. ಅಡಿಕೆ ತೋಟದ ಲೆಕ್ಕವನ್ನು ದೇವರ ಮಂಟಪದಲ್ಲಿಯೇ ಎಲ್ಲರಿಗೂ ಕಾಣುವಂತೆ ನಿಲ್ಲಿಸಿದ ಈ ಏರ್ಪಾಡು ಅಲ್ಲಿನ ಯಾವ ಶಿಲ್ಪಕ್ಕೂ ಕಡಿಮೆಯಾದುದಲ್ಲ.

ಅಭಿವೃದ್ಧಿಯ ದೊಡ್ಡ ಹೊಡೆತ ಈ ಸೀಮೆಗೆ ಪೇಟೆಯಿಂದ ಬಂದದ್ದೂ ಅಲ್ಲ, ವಿದ್ಯುತ್ತಿನಿಂದ ಬಂದದ್ದು. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟು ಸಾಗರ, ಹೊಸನಗರ ತಾಲ್ಲೂಕುಗಳ ಅನೇಕ ಹಳ್ಳಿಗಳನ್ನು ಮುಳುಗಿಸಿತು. ಅದಕ್ಕೂ ಮೊದಲು ಅದೇ ಶರಾವತಿಗೆ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೂ ನೀರಿನಡಿ ಸೇರಿತು. ಮುಳುಗಿದ ಮನೆ, ಗದ್ದೆ, ತೋಟಗಳನ್ನು ಪರಿಹಾರದ ಲೆಕ್ಕದಲ್ಲಿ ಎಣಿಸಿದರೇ ಹೊರತು ಪರಂಪರೆಯೆಂದು ಎಣಿಸುವ ರೂಢಿ ಆಗ ಇರಲಿಲ್ಲ.

ಕೇಂದ್ರ ಕಾಯ್ದೆ ಕೇಳುವ ಕನಿಷ್ಠ ವಯಸ್ಸು 100 ವರ್ಷ. ತೀರ್ಥಹಳ್ಳಿಯಲ್ಲಿ ತುಂಗೆಗೆ 1943ರಲ್ಲಿ ಕಟ್ಟಿದ ಜಯಚಾಮರಾಜೇಂದ್ರ ಸೇತುವೆಯ ಕಮಾನುಗಳಿಗೆ ಆ ವಯಸ್ಸು ಇನ್ನೂ ತುಂಬಿಲ್ಲ. ಇಂಥವಕ್ಕೂ ಗಣಪತಿ ಕೆರೆಯಂಥವಕ್ಕೂ ಹತ್ತಿರದ ದಾರಿಯೆಂದರೆ ರಾಜ್ಯದ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. ಊರಿನ ಮಹಾಯೋಜನೆಯಲ್ಲಿ, ಅಂದರೆ ಭೂಬಳಕೆಯನ್ನು ಮುಂಚಿತವಾಗಿ ಗೊತ್ತುಮಾಡುವ ನಕ್ಷೆಯಲ್ಲಿ, ಪಾರಂಪರಿಕ ಪ್ರದೇಶವನ್ನು ಗುರುತಿಸಲು ಅದು ಅವಕಾಶ ಕೊಡುತ್ತದೆ. ಸಾಗರದಲ್ಲಿ ಆ ಗುರುತು ಕೆರೆಯ ನೀರಿನಂಚಿಗೆ ಮುಗಿಯದೆ, ಕೆರೆಗೆ ಮಳೆನೀರು ತರುವ ಕಾಲುವೆಗಳನ್ನೂ ಒಳಗೊಳ್ಳಬೇಕಾಗುತ್ತದೆ.